ಓಡುವ ಪಂಪನ್ನು ಬಿಚ್ಚಬಾರದು

ಗಂಡನನ್ನು ಮಣ್ಣು ಮಾಡಿ ಬಂದ ನಾಲ್ಕನೆಯ ದಿನ ಭಾಗ್ಯವಂತಿ ಕೆಲಸಕ್ಕೆ ಹಾಜರಾದಳು. ಬಾ ಎಂದು ಯಾರೂ ಕರೆದಿರಲಿಲ್ಲ. ಮನೆಯಲ್ಲಿ ಕೂತರೂ ಅಷ್ಟೇ, ಕಂಟ್ರೋಲ್ ರೂಮಿನಲ್ಲಿ ಕೂತರೂ ಅಷ್ಟೇ. ಇಲ್ಲಾದರೆ ಕಣ್ಣೆದುರು ನಾಲ್ಕು ಪರದೆಗಳಾದರೂ ಇರುತ್ತವೆ ಎಂದು ಬಂದಿದ್ದಳು. ಎಲ್ಲರೂ ಎದ್ದು ನಿಂತರು. ಒಬ್ಬಾಕೆ ಬಂದು ಕೈ ಹಿಡಿದುಕೊಂಡಳು. ಭಾಗ್ಯವಂತಿ ಆ ಕೈಯನ್ನೇ ಒಂದು ಸಲ ತಟ್ಟಿ, ಕುರ್ಚಿಗೆ ಹೋಗಿ ಕೂತು, ಹಿಂದಿನ ದಿನಗಳ ವರದಿ ತೆರೆದಳು.

ಕಲಬುರಗಿಯ ಬಿಸಿಲಿಗೆ ಹೆಸರು ಬಂದದ್ದು ಇಂದು ನಿನ್ನೆಯಲ್ಲ. ಆದರೆ ಹಿಂದೆಲ್ಲ ತಲೆಗೊಂದು ಟವೆಲ್ ಸುತ್ತಿಕೊಂಡು ನಡುಮಧ್ಯಾಹ್ನವೂ ಬಜಾರಿಗೆ ಹೋಗಿಬರುತ್ತಿದ್ದರಂತೆ. ಈಗ ಅದನ್ನು ಹೇಳಿದರೆ ಮಕ್ಕಳು ನಗುತ್ತಾರೆ. ಏಪ್ರಿಲ್ ಬಂತೆಂದರೆ ಬಿಸಿಲು ಐವತ್ತನ್ನು ಮುಟ್ಟುತ್ತದೆ, ಮೇ ತಿಂಗಳಲ್ಲಿ ದಾಟುತ್ತದೆ. ಮನೆಯ ಫ್ಯಾನು, ಕೂಲರು ಯಾವುದೂ ಅದರ ಮುಂದೆ ನಡೆಯುವುದಿಲ್ಲ. ಹಾಗಾಗಿ ಬೆಳಿಗ್ಗೆ ಹತ್ತಕ್ಕೆ ಇಡೀ ಊರು ತಂಪುಮನೆ ಸೇರುತ್ತದೆ, ಸಂಜೆ ಆರಕ್ಕೆ ಹೊರಬೀಳುತ್ತದೆ. ಓಣಿಗೊಂದು ತಂಪುಮನೆ, ಒಟ್ಟು ಇನ್ನೂರ ನಲವತ್ತು. ನೆಲದಡಿಯ ಟಾಕಿಯಲ್ಲಿ ರಾತ್ರಿಯೆಲ್ಲ ನೀರನ್ನು ತಣ್ಣಗೆ ಮಾಡಿಟ್ಟು, ಹಗಲಲ್ಲಿ ಪಂಪಿನಿಂದ ಗೋಡೆಯೊಳಗಿನ ಕೊಳವೆಗಳಿಗೆ ಹರಿಸುತ್ತಾರೆ. ಇರುವ ವಿಜ್ಞಾನವೆಲ್ಲ ಇಷ್ಟೇ. ಪಂಪು ನಿಂತರೆ ನೂರೈವತ್ತು ಜನ ಕೂತ ಆ ಮನೆ ಮುಕ್ಕಾಲು ಗಂಟೆಯಲ್ಲಿ ಭಟ್ಟಿಯಾಗುತ್ತದೆ. ಹೊರಗೆ ಓಡೋಣವೆಂದರೆ ಹೊರಗೂ ಅದೇ ಗತಿ.

ಮೊದಮೊದಲು ಪ್ರತಿ ತಂಪುಮನೆಗೂ ಎರಡೆರಡು ಪಂಪು ಇದ್ದವು. ಒಂದು ಓಡುವುದಕ್ಕೆ, ಇನ್ನೊಂದು ಕಾಯುವುದಕ್ಕೆ. ಓಡುವುದು ನಿಂತರೆ ಕಾಯುವುದು ಅರ್ಧ ನಿಮಿಷದಲ್ಲಿ ತಾನೇ ಶುರುವಾಗುತ್ತಿತ್ತು. ಊರು ಬೆಳೆಯಿತು, ಪಂಪು ಬೆಳೆಯಲಿಲ್ಲ. ಇನ್ನೂರ ನಲವತ್ತು ಮನೆಗೆ ಮುನ್ನೂರ ಹತ್ತು ಪಂಪು ಎಂಬಲ್ಲಿಗೆ ಬಂದು ನಿಂತಿತು. ಆ ಎಪ್ಪತ್ತು ಕಾಯುವ ಪಂಪುಗಳನ್ನು ಎಲ್ಲೆಲ್ಲಿಟ್ಟರೆ ಊರಿಗೆ ಹೆಚ್ಚು ಕ್ಷೇಮ ಎಂದು ಹೇಳುವುದಕ್ಕೆ ಒಂದು ಗಣಕ ವ್ಯವಸ್ಥೆ ಬಂತು. ಅದಕ್ಕೆ ಸರ್ಕಾರ ಇಟ್ಟ ಮಾರುದ್ದದ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಕಂಟ್ರೋಲ್ ರೂಮಿನವರು ಅದನ್ನು ಲೆಕ್ಕದಾಕಿ ಎಂದು ಕರೆದರು. ಲೆಕ್ಕದಾಕಿಯನ್ನು ಸಾಕಿ ಬೆಳೆಸಿದವಳು ಭಾಗ್ಯವಂತಿ.

ಲೆಕ್ಕದಾಕಿಯ ಸ್ವಭಾವವನ್ನು ಸ್ವಲ್ಪ ಹೇಳಬೇಕು. ಯಾವ ಬಿಡಿಭಾಗ ಎಷ್ಟು ದಿನ ಬಾಳುತ್ತದೆಂದು ಯಾರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಅದಕ್ಕೇ ಅವಳು ಒಂದೇ ಅಂಕಿಯನ್ನು ನಂಬುವವಳಲ್ಲ. ಕಡಿಮೆಯೆಂದರೆ ಇಷ್ಟು, ಹೆಚ್ಚೆಂದರೆ ಇಷ್ಟು ಎಂದು ಎರಡನ್ನು ಇಟ್ಟುಕೊಂಡು, ಕೆಟ್ಟದ್ದನ್ನೇ ನೆನೆದು ಹಂಚುತ್ತಾಳೆ. ಗೊತ್ತಿಲ್ಲದ್ದು ಹೆಚ್ಚಿದ್ದ ಕಡೆ ಕಾಯುವ ಪಂಪು. ದಾಖಲೆ ಗಟ್ಟಿಯಾದಂತೆ ಅಲ್ಲಿಂದ ತೆಗೆದು ಬೇರೆ ಕಡೆಗೆ. ಹಳೆಯ ಊರಿನ ಅರವತ್ತಮೂರು ತಂಪುಮನೆಗಳ ದಾಖಲೆ ಬಹಳ ಗಟ್ಟಿಯಾಗಿತ್ತು. ಪಂಪಿನ ನಡುದಂಡಕ್ಕೆ ಬಳೆಯಂತೆ ಕೂರುವ ಸೀಲು ಎಂಬ ಭಾಗವಿದೆ, ಅದು ಹೋಯಿತೆಂದರೆ ನೀರು ಮೋಟರಿಗೆ ಚಿಮ್ಮಿ ಪಂಪು ಸುಟ್ಟುಹೋಗುತ್ತದೆ. ಆ ಸೀಲು ಹಳೆಯ ಊರಿನಲ್ಲಿ ಐದೂವರೆ ವರ್ಷದಲ್ಲಿ ಒಂದೂ ಹೋಗಿರಲಿಲ್ಲ. ಮಾಡಿದ ಕಂಪನಿಯವರು ಎಂಟು ತಿಂಗಳಿಂದ ನಾಲ್ಕು ವರ್ಷ ಎಂದು ಗಾಳಿಯಲ್ಲಿ ಗುಂಡು ಹಾರಿಸಿದ್ದರು. ಎಲ್ಲಿಯೋ ಚಳಿ ದೇಶದ ಅವರ ಅಂದಾಜಿಗಿಂತ ನಮ್ಮೂರ ದಾಖಲೆ ಮೇಲು ಎಂದು ಭಾಗ್ಯವಂತಿ ತೀರ್ಮಾನಿಸಿದಳು. ಜನವರಿಯಲ್ಲಿ ಆ ಅರವತ್ತಮೂರು ಮನೆಗಳಲ್ಲಿ ಅಲ್ಲಲ್ಲಿ ಉಳಿದಿದ್ದ ಕಾಯುವ ಪಂಪುಗಳೆಲ್ಲ ಹೊಸ ಬಡಾವಣೆಗಳಿಗೆ ಹೋದವು. ಮೇಲಿನವರು ಬೆನ್ನು ತಟ್ಟಿದರು.

ಮೇ ಹದಿನಾಲ್ಕು, ಬುಧವಾರ, ಮಧ್ಯಾಹ್ನ ಎರಡಕ್ಕೆ ಇಪ್ಪತ್ತಮೂರನೆಯ ತಂಪುಮನೆಯ ಪಂಪು ನಿಂತಿತು. ಮೆಕ್ಯಾನಿಕ್ ಬೇರೆ ಪಂಪು ಹೇರಿಕೊಂಡು ಬರಲು ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಒಂಬತ್ತು ಜನ ಹೋದರು. ಅವರಲ್ಲಿ ಆರು ಮಂದಿ ಮುದುಕರು, ಒಬ್ಬಳು ಬಾಣಂತಿ, ಒಬ್ಬ ಹೂ ಮಾರುವವನು, ಒಬ್ಬ ಅಂಚೆ ಗುಮಾಸ್ತ. ಗುಮಾಸ್ತನ ಹೆಸರು ಅಣವೀರ, ವಯಸ್ಸು ನಲವತ್ತೊಂಬತ್ತು, ಭಾಗ್ಯವಂತಿಯ ಗಂಡ. ಅಂಚೆ ಕಚೇರಿಯವರೆಲ್ಲ ಮಧ್ಯಾಹ್ನ ಅಲ್ಲೇ ಕೂರುತ್ತಿದ್ದರು.

ವರದಿಯ ಕೊನೆಯಲ್ಲಿ ಲೆಕ್ಕದಾಕಿ ಬರೆದಿದ್ದಳು: ಸೀಲು ಒಡೆದದ್ದು ಒಂಬತ್ತು ಸಾವಿರಕ್ಕೊಂದು ಸಲ ಆಗುವಂಥದ್ದು. ಆಕಸ್ಮಿಕ. ಹಂಚಿಕೆಯಲ್ಲಿ ಬದಲಾವಣೆ ಬೇಕಿಲ್ಲ. ಭಾಗ್ಯವಂತಿ ಅದನ್ನು ಎರಡು ಸಲ ಓದಿದಳು. ಏನೂ ಅನ್ನಿಸಲಿಲ್ಲ. ಏನಾದರೂ ಅನ್ನಿಸಬೇಕಿತ್ತು ಎಂದು ಮಾತ್ರ ಅನ್ನಿಸಿತು.

ಮನೆಯಲ್ಲೂ ಇದೇ ಪಾಡು. ಬಂದವರು ಅವಳನ್ನು ತಬ್ಬಿಕೊಂಡು ಅಳುತ್ತಿದ್ದರು. ಅವಳು ಅವರಿಗೆ ನೀರು ತಂದುಕೊಡುತ್ತಿದ್ದಳು. ಎದೆ ಕಲ್ಲು ಮಾಡಿಕೊಂಡಾಳ ಎಂದು ಹೆಂಗಸರು ಮೂಲೆಯಲ್ಲಿ ಮಾತಾಡಿಕೊಂಡರು. ಕಲ್ಲು ಮಾಡಿಕೊಳ್ಳುವುದಕ್ಕೂ ಒಂದು ಮನಸ್ಸು ಬೇಕು, ಅದೂ ಅವಳಲ್ಲಿರಲಿಲ್ಲ. ಅತ್ತೆ ನೀಲಮ್ಮ ಮಾತ್ರ ಹತ್ತಿರ ಬರಲಿಲ್ಲ, ತಬ್ಬಿಕೊಳ್ಳಲಿಲ್ಲ. ಎಪ್ಪತ್ತಾರರ ಆ ಮುದುಕಿ ಮಗ ಹೋದ ಮರುದಿನದಿಂದಲೇ ಯಾವಾಗಿನಂತೆ ಬೆಳಿಗ್ಗೆ ಹತ್ತಕ್ಕೆ ತಮ್ಮ ಓಣಿಯ ಮೂವತ್ತೊಂದನೆಯ ತಂಪುಮನೆಗೆ ಹೋಗುತ್ತಿದ್ದಳು. ಹೋಗದೆ ಗತಿಯಿರಲಿಲ್ಲ. ದುಃಖ ಇದೆಯೆಂದು ಬಿಸಿಲು ಯಾರನ್ನೂ ಬಿಡುವುದಿಲ್ಲವಲ್ಲ. ನಮ್ಮ ಸೊಸಿ ಊರಿಗೇ ನೆರಳು ಕೊಡ್ತಾಳ ಎಂದು ಅಲ್ಲಿ ವರ್ಷಗಟ್ಟಲೆ ಜಂಬ ಕೊಚ್ಚಿದವಳು ಈಗ ಗೋಡೆಗೊರಗಿ ಸುಮ್ಮನೆ ಕೂತಿರುತ್ತಾಳೆಂದು ಪಕ್ಕದ ಮನೆಯವರು ಹೇಳಿದರು.

ಆ ಸಂಜೆ ರೊಟ್ಟಿ ಬಡಿಯುತ್ತಿದ್ದ ಭಾಗ್ಯವಂತಿಯ ಹಿಂದೆ ಬಂದು ನಿಂತು ನೀಲಮ್ಮ ಒಂದೇ ಮಾತು ಕೇಳಿದಳು. "ಅದು ಯಾಕ ಒಡೀತು?"

"ಗೊತ್ತಿಲ್ಲ ಅತ್ತಿ."

"ನಿನಗ ಗೊತ್ತಿಲ್ಲಂದ್ರ ಯಾರಿಗಿ ಗೊತ್ತು?" ಎಂದು ಹೇಳಿ ಮುದುಕಿ ಹೋಗಿ ಮಲಗಿದಳು. ಭಾಗ್ಯವಂತಿ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿಹಾಕಿದಳು.

ಮರುದಿನ ಅವಳು ಉಗ್ರಾಣಕ್ಕೆ ಹೋಗಿ ಇಪ್ಪತ್ತಮೂರನೆಯ ಮನೆಯ ಒಡೆದ ಸೀಲನ್ನು ತರಿಸಿಕೊಂಡಳು. ಒಂದು ಡಬ್ಬಿಯಲ್ಲಿ ಚೀಟಿ ಅಂಟಿಸಿ ಇಟ್ಟಿದ್ದರು. ಕಪ್ಪು ಉಂಗುರ, ಒಂದು ಕಡೆ ಬಿರುಕು ಬಿಟ್ಟು ತುಂಡಾಗಿತ್ತು. ಮಗುಚಿ ನೋಡಿದರೆ ಹಿಂಬದಿಯಲ್ಲಿ ತಯಾರಾದ ತಿಂಗಳು, ವರ್ಷ ಒತ್ತಿದ್ದರು. ಎರಡು ವರ್ಷದ ಹಿಂದಿನದು. ದಾಖಲೆ ನೋಡಿದರೆ ಆ ಸೀಲು ಕೂರಿಸಿ ಐದೂವರೆ ವರ್ಷ. ತಯಾರಾಗುವ ಮೊದಲೇ ಮೂರೂವರೆ ವರ್ಷ ಓಡಿದ ಸೀಲು ಜಗತ್ತಿನಲ್ಲಿ ಇದೊಂದೇ ಇರಬೇಕು. ಅವಳು ಅದನ್ನು ಮತ್ತೆ ಡಬ್ಬಿಗೆ ಹಾಕಿ ಲಾಡ್ಲೇಸಾಬನಿಗೆ ಹೇಳಿಕಳುಹಿಸಿದಳು.

ಲಾಡ್ಲೇಸಾಬ ಹಳೆಯ ಊರಿನ ಹಿರಿಯ ಮೆಕ್ಯಾನಿಕ್. ಮೂವತ್ತು ವರ್ಷದ ಸರ್ವಿಸು, ಅವನ ಕೈ ತಾಗಿದರೆ ಪಂಪು ಮಾತು ಕೇಳುತ್ತದೆಂಬ ಹೆಸರು. ಇಪ್ಪತ್ತಮೂರು ಅವನ ಪಾಳಿಯಲ್ಲಿತ್ತು ಎಂಬ ಕಾರಣಕ್ಕೆ ಗುರುವಾರವೇ ಅವನನ್ನು ಸಸ್ಪೆಂಡ್ ಮಾಡಿದ್ದರು. ಬಂದವನು ಕುರ್ಚಿಯಲ್ಲಿ ಕೂರಲಿಲ್ಲ. ಅಣವೀರನ ವಿಷಯ ಎತ್ತಲು ಹೋಗಿ, ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಅವಳು ಸೀಲಿನ ಹಿಂಬದಿ ತೋರಿಸಿ, ಇದನ್ನು ಯಾವಾಗ ಹಾಕಿದಿರಿ ಎಂದಳು.

"ಹೋದ ವರ್ಷದ ಹಿಂದಿನ ಖಂಡೇಪೂಜಿಗಿ ಹಾಕೀನ್ರಿ ಬಾಯಾರ," ಅಂದ ಅವನು.

ಆಮೇಲೆ ನಿಧಾನವಾಗಿ ಎಲ್ಲ ಹೇಳಿದ. ಅವನ ಉಸ್ತಾದ ಮಲ್ಕಪ್ಪ ಎಂಬವನು ಕಲಿಸಿದ ಪದ್ಧತಿ. ಮಹಾನವಮಿಯ ದಿನ ಯಂತ್ರಗಳನ್ನು ನಿಲ್ಲಿಸಿ, ತೊಳೆದು, ಹೂ ಏರಿಸಿ, ಖಂಡೇಪೂಜೆ ಮಾಡುತ್ತಾರಲ್ಲ, ಅವತ್ತು ಮನೆಮಂದಿಗೆ ಹೊಸ ಬಟ್ಟೆ ತಂದಂತೆ ಪ್ರತಿ ಯಂತ್ರಕ್ಕೂ ಏನಾದರೊಂದು ಹೊಸದನ್ನು ತೊಡಿಸಬೇಕು. ಪಂಪಿಗೆ, ತಮ್ಮಲ್ಲೇ ಪಟ್ಟಿ ಎತ್ತಿ ಪೆಟ್ಟಿಗೆಯಾಗಿ ತಂದ ಸೀಲು ತೊಡಿಸುತ್ತಿದ್ದರು. ಹಳೆಯ ಊರಿನ ಹದಿನಾರು ಮೆಕ್ಯಾನಿಕರೂ ಮಲ್ಕಪ್ಪನ ಕೈಯಲ್ಲೇ ಪಳಗಿದವರು, ಹಿಂದೂಗಳು ಮುಸಲ್ಮಾನರು ಎಲ್ಲ ಸೇರಿ ವರ್ಷ ತಪ್ಪದೆ ಮಾಡಿದವರು. ಬರೆದಿಡುವ ಪ್ರಶ್ನೆಯೇ ಇರಲಿಲ್ಲ. ದಾಖಲೆಯ ಹಾಳೆಯ ಮೇಲೆ ದುರಸ್ತಿ ಎಂದು ಅಚ್ಚಾಗಿರುತ್ತದೆ, ಇದು ದುರಸ್ತಿಯಲ್ಲ, ಪೂಜೆ. ಪೂಜೆಯ ದಿನ ಯಂತ್ರದ ಹೆಸರಿನ ಮುಂದೆ ಕೆಟ್ಟದ್ದರ ಕಾಲಮಿನಲ್ಲಿ ಪೆನ್ನು ಆಡಿಸುವುದು ಯಾರಿಗೂ ಒಗ್ಗದು. ಹೊಸ ಬಡಾವಣೆಯ ಗುತ್ತಿಗೆ ಹುಡುಗರಿಗೆ ಇದು ಯಾವುದೂ ಗೊತ್ತಿರಲಿಲ್ಲ, ಅದಕ್ಕೇ ಅಲ್ಲಿ ಸೀಲುಗಳು ಹೋಗುತ್ತಿದ್ದವು.

"ಹೋದ ದಸರಾಕ್ಕ ಯಾಕ ಹಾಕಲಿಲ್ಲ?" ಎಂದು ಕೇಳುವಾಗಲೇ ಭಾಗ್ಯವಂತಿಗೆ ಉತ್ತರ ಗೊತ್ತಾಗಿತ್ತು.

ಲಾಡ್ಲೇಸಾಬ ನೆಲ ನೋಡಿದ. "ನೀವ ಕಾಗದ ಕಳಿಸಿದ್ರಲ್ಲಾ. ಓಡೂ ಪಂಪ ಬಿಚ್ಚಬಾರದು, ಬಿಚ್ಚಿದವರ ಮ್ಯಾಲ ಕ್ರಮ ಅಂತ. ನಾವು ತೊಳದು ಹೂವ ಅಷ್ಟೇ ಇಟ್ಟೇವ್ರಿ."

ಕಳಿಸಿದ್ದಳು. ಸೆಪ್ಟೆಂಬರಿನಲ್ಲಿ, ನಲವತ್ತನಾಲ್ಕನೆಯ ಸುತ್ತೋಲೆ. ಬಿಚ್ಚಿ ಜೋಡಿಸಿದ ಮೂರು ದಿನದೊಳಗೆ ಕೆಡುವ ಯಂತ್ರಗಳೇ ಹೆಚ್ಚು ಎಂದು ಲೆಕ್ಕದಾಕಿ ಹೊಸ ಬಡಾವಣೆಯ ದಾಖಲೆ ಅರೆದು ಕಂಡುಹಿಡಿದಿದ್ದಳು. ಅದೇನೂ ಸುಳ್ಳಲ್ಲ. ಕರಡು ಬರೆದವಳು ಭಾಗ್ಯವಂತಿ, ಸಹಿಯೂ ಅವಳದೇ.

ಅವನನ್ನು ಕಳುಹಿಸಿ ಅವಳು ಕಾಗದ ಪೆನ್ನು ತೆಗೆದುಕೊಂಡಳು. ಇಲ್ಲಿನ ಬೋರಿನ ಗಡಸು ನೀರಿನಲ್ಲಿ, ಈ ಬಿಸಿಲಿನಲ್ಲಿ ಸೀಲು ಒಂದೂವರೆ ವರ್ಷ ಬಾಳಿದರೆ ಪುಣ್ಯ. ಹಳೆಯ ಊರಿನ ಸೀಲುಗಳಿಗೆ ಈಗ ಹತ್ತೊಂಬತ್ತು ತಿಂಗಳು. ಎಲ್ಲವನ್ನೂ ಒಂದೇ ದಿನ ಹಾಕಿದ್ದು, ಒಂದೇ ಪೆಟ್ಟಿಗೆಯವು. ಒಂದು ಮನೆಯಲ್ಲಿ ಕೆಟ್ಟದ್ದಕ್ಕೂ ಇನ್ನೊಂದರಲ್ಲಿ ಕೆಡುವುದಕ್ಕೂ ಸಂಬಂಧವಿಲ್ಲ ಎಂದು ಲೆಕ್ಕದಾಕಿ ನಂಬಿ ಕೂತಿದ್ದಾಳೆ. ಇಲ್ಲಿ ಅರವತ್ತಮೂರೂ ಒಂದೇ ದಿನ ಹುಟ್ಟಿದ ಮಕ್ಕಳು. ಉಳಿದ ಅರವತ್ತೆರಡರಲ್ಲಿ ಅರ್ಧ ಇನ್ನು ಹತ್ತು ದಿನದಲ್ಲಿ ಹೋಗುತ್ತವೆ ಎಂದು ಲೆಕ್ಕ ಬಂತು. ಒಂದೊಂದರಲ್ಲೂ ನೂರೈವತ್ತು ಜನ. ಕಾಯುವ ಪಂಪು ಒಂದರಲ್ಲೂ ಇಲ್ಲ. ಮೂವತ್ತೊಂದನೆಯದರಲ್ಲಿ ಅತ್ತೆ ಕೂತಿರುತ್ತಾಳೆ.

ಹೊಸ ಬಡಾವಣೆಯಿಂದ ಕಾಯುವ ಪಂಪುಗಳನ್ನು ವಾಪಸು ತರಲು ಒಂದು ವಾರ ಬೇಕು. ಸೀಲು ಬದಲಿಸುವುದೊಂದೇ ದಾರಿ. ರಾತ್ರಿ ಟಾಕಿಯ ನೀರು ತಣಿಯುವುದಕ್ಕೂ ಅದೇ ಪಂಪು ಓಡಬೇಕು, ಹಾಗಾಗಿ ತಂಪುಮನೆ ನಿಲ್ಲಿಸಬಹುದಾದದ್ದು ಬೆಳಿಗ್ಗೆ ಐದರಿಂದ ಎಂಟರವರೆಗೆ ಮಾತ್ರ. ಒಂದು ಸೀಲಿಗೆ ಮುಕ್ಕಾಲು ಗಂಟೆ, ಒಬ್ಬ ಮೆಕ್ಯಾನಿಕ್ ಒಂದು ಬೆಳಿಗ್ಗೆಗೆ ನಾಲ್ಕು ಮನೆ ಮುಗಿಸಬಹುದು. ಹದಿನೈದು ಜನಕ್ಕೆ ಅರವತ್ತು. ಎರಡು ಮನೆ ಉಳಿಯುತ್ತವೆ. ಲಾಡ್ಲೇಸಾಬನೂ ಸೇರಿದರೆ ಮಾತ್ರ ಲೆಕ್ಕ ಕೂಡುತ್ತದೆ, ಸಸ್ಪೆಂಡ್ ಆದವನು ತಂಪುಮನೆಯ ಹೊಸ್ತಿಲು ತುಳಿಯುವಂತಿಲ್ಲ.

ಮುಖ್ಯ ಎಂಜಿನಿಯರ್ ದಿಗಂಬರರಾವ್ ಕೆಟ್ಟವರೇನಲ್ಲ. ಪೂರ್ತಿ ಕೇಳಿಸಿಕೊಂಡರು, ಚಹಾ ತರಿಸಿದರು. ಆದರೆ ಅರವತ್ತೆರಡು ತಂಪುಮನೆಗಳನ್ನು ಮೇ ತಿಂಗಳಲ್ಲಿ ಒಟ್ಟಿಗೆ ನಿಲ್ಲಿಸಬೇಕಾದರೆ ದಾಖಲೆ ಬೇಕು ಎಂದರು. ಲೆಕ್ಕದಾಕಿ ಬೇಡ ಎನ್ನುತ್ತಿರುವಾಗ ಮೆಕ್ಯಾನಿಕನೊಬ್ಬನ ಬಾಯಿಮಾತಿನ ಮೇಲೆ ಹೇಗೆ ಆದೇಶ ಹೊರಡಿಸಲಿ, ನಾಳೆ ವಿಚಾರಣೆಯವರು ಕೇಳಿದರೆ ಏನು ತೋರಿಸಲಿ ಎಂದರು. ಭಾಗ್ಯವಂತಿ ತಾನು ಬರೆದುಕೊಡುತ್ತೇನೆ ಎಂದಳು. ಏನೆಂದು ಎಂದು ಅವರು ಕೇಳಿದರು. ಇದ್ದದ್ದನ್ನು ಎಂದಳು.

ದಿಗಂಬರರಾವ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರಿಗೆ ಅವಳ ಮೇಲೆ ನಿಜಕ್ಕೂ ಮರುಕವಿತ್ತು. ಪೂಜೆಗೆಂದು ಬಿಡಿಭಾಗ ಬದಲಿಸಿ ಮುಚ್ಚಿಟ್ಟದ್ದು ಮೆಕ್ಯಾನಿಕರ ತಪ್ಪಲ್ಲವೇ, ಅಷ್ಟನ್ನೇ ಬರೆದರೆ ಆದೇಶಕ್ಕೆ ಸಾಕು, ಸುತ್ತೋಲೆಯ ಸುದ್ದಿ ಎತ್ತುವುದೇ ಬೇಡ ಎಂದು ಸಮಾಧಾನವಾಗಿ ಹೇಳಿದರು. "ನೀವ ಗಂಡನ್ನ ಕಳಕೊಂಡವ್ರು. ನಿಮಗ ಯಾರೂ ಏನೂ ಅನ್ನಂಗಿಲ್ಲ."

ಅದು ಸುಳ್ಳೂ ಆಗಿರಲಿಲ್ಲ. ಬರೆದಿಡದೇ ಇದ್ದದ್ದು ಮೆಕ್ಯಾನಿಕರ ತಪ್ಪೇ. ಹಾಗೆ ಬರೆದರೆ ಲಾಡ್ಲೇಸಾಬ ಹೊರಗೇ ಉಳಿಯುತ್ತಾನೆ, ಎರಡು ಮನೆ ಇನ್ನೊಂದು ದಿನ ಕಾಯುತ್ತವೆ, ಇವಳು ಈ ಕುರ್ಚಿಯಲ್ಲಿ ಉಳಿಯುತ್ತಾಳೆ. ಒಂದು ದಿನದಲ್ಲಿ ಆ ಎರಡಕ್ಕೆ ಏನೂ ಆಗದಿರಬಹುದು. ಆಗಲೂಬಹುದು. ಭಾಗ್ಯವಂತಿ ಚಹಾ ಕುಡಿದಳು. ರುಚಿ ಗೊತ್ತಾಗಲಿಲ್ಲ. ಆಮೇಲೆ ಅಲ್ಲೇ ಕೂತು ಒಂದೂವರೆ ಪುಟ ಬರೆದಳು. ಸುತ್ತೋಲೆಯ ಸಂಖ್ಯೆ ಹಾಕಿದಳು, ತಾರೀಖು ಹಾಕಿದಳು. ಹೊಲದವರನ್ನು ಕೇಳದೆ ಬೆಳೆ ಅಳೆದ ಹಾಗೆ, ಪಂಪು ಮುಟ್ಟುವವರನ್ನು ಒಂದು ಮಾತು ಕೇಳದೆ ಈ ಸುತ್ತೋಲೆ ಹೊರಡಿಸಿದವಳು ತಾನು, ಕಾಯುವ ಪಂಪುಗಳನ್ನು ತೆಗೆಸಿದವಳು ತಾನು, ಲಾಡ್ಲೇಸಾಬ ಆದೇಶ ಪಾಲಿಸಿದ್ದಾನೆ ಎಂದು ಬರೆದು ಸಹಿ ಮಾಡಿದಳು.  ಹಾಳೆಗಳನ್ನು ದಿಗಂಬರರಾವ್ ಅವರ ಮುಂದೆ ಸರಿಸಿದಳು.

ಮುಂಜಾನೆ ಐದಕ್ಕೆ ಹಳೆಯ ಊರಿನ ಅರವತ್ತೆರಡು ತಂಪುಮನೆಗಳು ಸರದಿಯಂತೆ ನಿಂತವು. ರಾತ್ರಿಯೇ ಸಸ್ಪೆಂಡ್ ರದ್ದಾಗಿ ಬಂದ ಲಾಡ್ಲೇಸಾಬನ ಪಾಲಿನ ನಾಲ್ಕರಲ್ಲಿ ಮೂವತ್ತೊಂದು ಕೊನೆಯದು. ಭಾಗ್ಯವಂತಿ ಅವನ ಜೊತೆ ಪಂಪಿನ ಕೋಣೆಗೆ ಇಳಿದು ಟಾರ್ಚು ಹಿಡಿದು ನಿಂತಳು. ಅವನು ನಟ್ಟು ಬಿಚ್ಚಿದ, ಮುಚ್ಚಳ ತೆಗೆದ, ಬೆರಳು ಹಾಕಿ ಸೀಲನ್ನು ಎಳೆದ. ಅದು ಬರುವಾಗಲೇ ಎರಡು ತುಂಡಾಗಿ ಬಂತು. ರಬ್ಬರು ಬಿಸ್ಕತ್ತಿನಂತೆ ಪುಡಿಯಾಯಿತು. ಅವನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದ.

"ಇವತ್ತ ಮಧ್ಯಾನಾ ದಾಟ್ತಿದ್ದಿಲ್ರಿ ಇದು," ಅಂದ.

ಅವಳು ತಲೆಯಾಡಿಸಿ, ಅವನಿಂದ ದುರಸ್ತಿಯ ಹಾಳೆ ಇಸಕೊಂಡು ತಾನೇ ತುಂಬಿಸಿದಳು. ಬದಲಿಸಿದ ತಾರೀಖು, ಹಳೆಯ ಸೀಲಿನ ವಯಸ್ಸು, ಸವೆತ, ಬಿರುಕು. ಅರವತ್ತೆರಡು ಹಾಳೆಗಳೂ ಎಂಟೂವರೆಗೆ ಕಂಟ್ರೋಲ್ ರೂಮಿಗೆ ಬಂದವು. ಒಂಬತ್ತಕ್ಕೆ ಅವಳೇ ಅವನ್ನೆಲ್ಲ ಲೆಕ್ಕದಾಕಿಗೆ ಉಣಿಸಿದಳು. ಲೆಕ್ಕದಾಕಿ ಎರಡು ನಿಮಿಷ ಯೋಚಿಸಿ ಹಂಚಿಕೆಯನ್ನೆಲ್ಲ ಬದಲಾಯಿಸಿದಳು. ಇಪ್ಪತ್ತಮೂರನೆಯ ಮನೆಯ ಬುಧವಾರದ ವರದಿಯನ್ನೂ ಯಾರೂ ಕೇಳದೆಯೇ ತಿದ್ದಿದಳು. ಒಂಬತ್ತು ಸಾವಿರಕ್ಕೊಂದು ಎಂದಿದ್ದ ಕಡೆ ಈಗ ಮೂರಕ್ಕೆ ಎರಡು ಎಂದಿತ್ತು. ಆಕಸ್ಮಿಕ ಎಂಬ ಪದ ಹೋಗಿತ್ತು.

ಒಂಬತ್ತೂವರೆಗೆ ಅವಳ ಸಸ್ಪೆಂಡ್ ಆದೇಶ ಬಂತು. ತಂದವನು ಮುಖ ತಪ್ಪಿಸಿ ಮೇಜಿನ ಮೇಲಿಟ್ಟು ಹೋದ. ಕಂಟ್ರೋಲ್ ರೂಮಿನಲ್ಲಿ ಇನ್ನು ಅವಳು ಇರುವಂತಿರಲಿಲ್ಲ. ಊರು ಆಗಲೇ ಕಾಯತೊಡಗಿತ್ತು, ಎಲ್ಲರೂ ನೀರಿನ ಬಾಟಲಿ, ಚಾಪೆ ಹಿಡಿದು ತಂಪುಮನೆಯತ್ತ ನಡೆದಿದ್ದರು. ಹತ್ತು ವರ್ಷದಲ್ಲಿ ಅವಳು ಒಂದು ಮಧ್ಯಾಹ್ನವೂ ತಂಪುಮನೆಯಲ್ಲಿ ಕೂತಿರಲಿಲ್ಲ. ಈಗ ಹೋಗಲು ಬೇರೆ ಜಾಗವೇ ಇರಲಿಲ್ಲ.

ಮೂವತ್ತೊಂದನೆಯ ಮನೆ ತುಂಬಿತ್ತು. ಮಕ್ಕಳು ಚೌಕಾಬಾರ ಆಡುತ್ತಿದ್ದರು, ಒಂದು ಮೂಲೆಯಲ್ಲಿ ಹೆಂಗಸರು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ನೀಲಮ್ಮ ಕಂಬದ ಬಳಿ ಗೋಡೆಗೊರಗಿ ಕೂತಿದ್ದಳು. ಭಾಗ್ಯವಂತಿ ಹೋಗಿ ಪಕ್ಕದಲ್ಲಿ ಕೂತಳು. ಗೋಡೆ ತಣ್ಣಗಿತ್ತು. 

"ಅದು ಯಾಕ ಒಡೀತು ಅಂತ ಕೇಳಿದ್ಯಲ್ಲಾ ಅತ್ತಿ," ಎಂದು ಅವಳು ಶುರು ಮಾಡಿದಳು. ಎಲ್ಲವನ್ನೂ ಹೇಳಿದಳು. ಖಂಡೇಪೂಜೆಯಿಂದ ಹಿಡಿದು ಸುತ್ತೋಲೆಯವರೆಗೆ, ಜನವರಿಯಲ್ಲಿ ತೆಗೆಸಿದ ಪಂಪಿನವರೆಗೆ, ಅರ್ಥವಾಗಲಿ ಎಂದು ಸಣ್ಣ ಸಣ್ಣ ಮಾತಿನಲ್ಲಿ ಹೇಳಿದಳು. ಎಲ್ಲಿಯೂ ಕಚೇರಿ ಎನ್ನಲಿಲ್ಲ, ಲೆಕ್ಕದಾಕಿ ಎನ್ನಲಿಲ್ಲ, ನಾನು ಎಂದೇ ಹೇಳಿದಳು. ನೀಲಮ್ಮ ಎದುರಿನ ಬಾಗಿಲನ್ನು ನೋಡುತ್ತಾ ಕೇಳಿದಳು. ಬಾಗಿಲಿನ ಗಾಜಿನಾಚೆ ರಸ್ತೆ ಬಿಳಿಚಿಕೊಂಡಿತ್ತು, ಒಂದು ನಾಯಿಯೂ ಇರಲಿಲ್ಲ.

ಮಾತು ಮುಗಿಯಿತು. ಮುದುಕಿ ಅಳಲಿಲ್ಲ, ಬೈಯಲಿಲ್ಲ. ತನ್ನ ಸೆರಗಿನ ತುದಿ ಸೊಸೆಯ ಮೊಣಕಾಲಿಗೆ ತಾಗಿದ್ದನ್ನು ನೋಡಿ ಅದನ್ನು ಎಳೆದುಕೊಂಡಳು.

"ನನ್ನ ಬಾಜೂಕ ಕೂಡಬ್ಯಾಡ," ಎಂದಳು.

ಭಾಗ್ಯವಂತಿ ಎದ್ದಳು. ಬಾಟಲಿ ತೆಗೆದುಕೊಂಡು, ಮಕ್ಕಳನ್ನು ದಾಟಿ ಬಾಗಿಲಿನ ಕಡೆ ಹೊರಟಳು. ಬಾಗಿಲಿನ ಹಿಡಿಕೆಗೆ ಕೈ ಹಾಕಿದಾಗ ಅದು ಕಾದಿತ್ತು. ಹಿಂದಿನಿಂದ ಮತ್ತೆ ಅತ್ತೆಯ ದನಿ ಬಂತು, ಮೆಣಸಿನಕಾಯಿ ಬಿಡಿಸುತ್ತಿದ್ದ ಹೆಂಗಸರೂ ತಲೆಯೆತ್ತಿ ನೋಡುವಷ್ಟು ಗಟ್ಟಿಯಾಗಿ.

"ಹೊರಗೂ ಹೋಗಬ್ಯಾಡ."

ಅವಳು ಹಿಡಿಕೆ ಬಿಟ್ಟಳು. ಎದುರು ಗೋಡೆಯ ಹತ್ತಿರ ಒಬ್ಬರು ಕೂರುವಷ್ಟು ಜಾಗವಿತ್ತು. ಅಲ್ಲಿಗೆ ಹೋಗಿ, ಗೋಡೆಗೆ ಮುಖ ಮಾಡಿ ಕೂತಳು. ಆ ತಣ್ಣನೆಯ ಗೋಡೆಗೆ ಹಣೆ ಹಚ್ಚಿದಾಗ ಆರು ದಿನದಿಂದ ಬಾರದ ಅಳು ಬಂತು. ಸಂಜೆ ಆರರವರೆಗೆ ಅವಳು ಅಲ್ಲೇ ಕೂತಿದ್ದಳು.